ಸೊಟ್ಟ ಬೆನ್ನಿಗೊಂದು ಕವಚ

ಸುಣ್ಣದಣ್ಣ ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಅವರ ಹೆಗಲನ್ನು. ಎದುರಿಗೆ ಬಂದವರು ನಗುತ್ತಿದ್ದಾರೋ ಅತ್ತು ಬಂದಿದ್ದಾರೋ, ಹೊಸ ಕನ್ನಡಕ ಹಾಕಿದ್ದಾರೋ, ಮೀಸೆ ತೆಗೆಸಿದ್ದಾರೋ ಎಂಬುದೆಲ್ಲ ಅವನ ಅರಿವಿಗೆ ಬರುವಷ್ಟರಲ್ಲಿ ಅವರು ಮಾತು ಮುಗಿಸಿ ಮೆಟ್ಟಿಲು ಇಳಿಯುತ್ತಿದ್ದರು. ಆದರೆ ಅವರ ಎಡಹೆಗಲು ಬಲಹೆಗಲಿಗಿಂತ ಎಷ್ಟು ಕೆಳಗಿದೆ, ಸೊಂಟದ ಯಾವ ಪಕ್ಕದಲ್ಲಿ ಅಂಗಿ ಮಡಿಕೆ ಬೀಳುತ್ತದೆ, ನಿಂತಾಗ ಯಾವ ಕಾಲಿನ ಮೇಲೆ ಭಾರ ಹಾಕುತ್ತಾರೆ ಎಂಬುದು ಮಾತ್ರ ಅವರು ಬಾಗಿಲಲ್ಲಿ ಕಾಣಿಸಿಕೊಂಡ ಕ್ಷಣದಲ್ಲೇ ಅವನ ಮನಸ್ಸಿನಲ್ಲಿ ದಾಖಲಾಗಿಬಿಡುತ್ತಿತ್ತು. ಒಮ್ಮೆ ಬಂಧುಗಳ ಮದುವೆಯಲ್ಲಿ ಎಲ್ಲರೂ ಮದುಮಗಳ ಚೆಲುವನ್ನು ಬಾಯಿ ತುಂಬ ಹೊಗಳುತ್ತಿದ್ದಾಗ, ಇವನು ಪಕ್ಕದಲ್ಲಿದ್ದ ಅಕ್ಕನ ಕಡೆ ಬಾಗಿ, "ಬಲಗಡೆ ಒಂದು ಬೆರಳು ಮೇಲಿದೆ, ಯಾರೂ ನೋಡ್ಲೇ ಇಲ್ವಾ?" ಎಂದು ಕೇಳಿದ. ಅಕ್ಕ ತೊಡೆ ಚಿವುಟಿ ಬಾಯಿ ಮುಚ್ಚಿಸಿದಳು. ಬಾಯಿ ಮುಚ್ಚಿತೇ ಹೊರತು ಕಣ್ಣು ಮುಚ್ಚಲಿಲ್ಲ. ಊಟ ಮುಗಿಯುವವರೆಗೂ ಅವನು ಆ ಹೆಗಲನ್ನೇ ನೋಡುತ್ತಿದ್ದ.

ಅವನ ಕೆಲಸವೇ ಅಂಥದು. ದೊಡ್ಡ ಆಸ್ಪತ್ರೆಯೊಂದರ ಹಿಂಬದಿಯಲ್ಲಿ, ಹೊದಿಕೆ ಒಗೆಯುವ ಯಂತ್ರಗಳ ಕೋಣೆಗೂ ಆಮ್ಲಜನಕದ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದ ಕಟ್ಟೆಗೂ ನಡುವೆ, ಸದಾ ಟ್ಯೂಬ್‌ಲೈಟ್ ಉರಿಯುವ ಒಂದು ಉದ್ದನೆಯ ಕೋಣೆಯಲ್ಲಿ, ಬೆನ್ನುಮೂಳೆ ವಾಲಿದ ಮಕ್ಕಳಿಗೆ ಅವನು ಬ್ರೇಸ್ ಮಾಡುತ್ತಿದ್ದ. ಬ್ರೇಸ್ ಎಂದರೆ ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಮೈಯನ್ನು ಅಪ್ಪಿ ಹಿಡಿಯುವ, ಹಿಂದೆ ಪಟ್ಟಿಗಳಿಂದ ಬಿಗಿಯುವ, ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಪಾದ ಸೊಟ್ಟಗಿರುವವರಿಗೆ ಬೂಟು ಮಾಡುವ ಹಿರಿಯನೊಬ್ಬನಿದ್ದ. ಅವನನ್ನು ಎಲ್ಲರೂ ಬೂಟಣ್ಣ ಎನ್ನುತ್ತಿದ್ದರು. ಪ್ಲಾಸ್ಟರಿನ ಪುಡಿ ರೆಪ್ಪೆ, ಕಿವಿ, ಉಗುರಿನ ಸಂದುಗಳಲ್ಲೆಲ್ಲ ಕೂತು, ಸಂಜೆ ಬಸ್ಸಿಗೆ ನಿಂತಾಗ ಯಾರದೋ ಮನೆಗೆ ಸುಣ್ಣ ಬಳಿದು ಬಂದವನಂತೆ ಕಾಣುತ್ತಿದ್ದ ಇವನಿಗೆ ಸುಣ್ಣದಣ್ಣ ಎಂದು ಹೆಸರಿಟ್ಟವನು ಆ ಬೂಟಣ್ಣನೇ.

ಬಿಸಿಲಿರಲಿ ಚಳಿಯಿರಲಿ, ಅವನ ಮೈಮೇಲೆ ಒಂದು ಬೂದುಬಣ್ಣದ ಕೋಟು ಇದ್ದೇ ಇರುತ್ತಿತ್ತು. ಅದರ ಎಡಜೇಬಿನಲ್ಲಿ ಅಳತೆಯ ಟೇಪು, ಬಾಗಿದ ಅಲಗಿನ ಚಾಕು, ನೀಲಿ ಪೆನ್ಸಿಲ್ಲು, ಮತ್ತು ಅಲ್ಲಾಡುವ ಮೇಜು ಎಲ್ಲಿ ಕಂಡರೂ ಕಾಲಿನ ಕೆಳಗೆ ಇಡಲೆಂದು ಮಡಚಿಟ್ಟುಕೊಂಡ ರಟ್ಟಿನ ಚೂರುಗಳು. ಈ ಭಾರಕ್ಕೆ ಕೋಟು ಎಡಕ್ಕೆ ಜಗ್ಗಿ, ಕೋಟಿನ ಜೊತೆಗೆ ಹೆಗಲೂ ಜಗ್ಗಿ, ಊರ ಮಕ್ಕಳ ಬೆನ್ನನ್ನು ನೆಟ್ಟಗೆ ಮಾಡಲು ಹೊರಟವನು ತಾನು ಮಾತ್ರ ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಿದ್ದ. "ಮೊದಲು ನಿನಗೊಂದು ಮಾಡ್ಕೊಳಯ್ಯ" ಎಂದು ಬೂಟಣ್ಣ ದಿನಕ್ಕೊಮ್ಮೆಯಾದರೂ ಕಿಚಾಯಿಸುತ್ತಿದ್ದ. ಸುಣ್ಣದಣ್ಣ ನಗುತ್ತಿರಲಿಲ್ಲ, ತಮಾಷೆ ಅವನಿಗೆ ಅರ್ಥವಾಗುತ್ತಿರಲಿಲ್ಲವೆಂದಲ್ಲ, ತನ್ನ ಹೆಗಲನ್ನು ತಾನು ನೋಡಿಕೊಳ್ಳುವುದು ಅವನಿಗೆ ಎಂದೂ ಹೊಳೆದಿರಲಿಲ್ಲ.

ಬ್ರೇಸ್ ಮಾಡುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ತಿಳಿಯದೆ ಈ ಮನುಷ್ಯನನ್ನು ತಿಳಿಯಲಾಗದು. ಮಗುವನ್ನು ನಿಲ್ಲಿಸಿ, ಮೈಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾದ ಮೇಲೆ ಕತ್ತರಿಸಿ ತೆಗೆದು, ಆ ಟೊಳ್ಳಿನೊಳಗೆ ಪ್ಲಾಸ್ಟರ್ ಕಲಸಿ ಸುರಿದರೆ ಮಗುವಿನ ಮುಂಡದ ಪಡಿಯಚ್ಚು ಸಿಗುತ್ತದೆ: ತಲೆಯಿಲ್ಲ, ಕೈಯಿಲ್ಲ, ಬೆನ್ನಿನ ಸೊಟ್ಟ ಮಾತ್ರ ಇದ್ದದ್ದು ಇದ್ದ ಹಾಗೆ. ಆ ಅಚ್ಚಿನ ಮೇಲೇ ಬಿಸಿ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ ಚಿಪ್ಪು ತೆಗೆದರೆ ಅದು ಸೊಟ್ಟವನ್ನು ಸೊಟ್ಟವಾಗಿಯೇ ಹಿಡಿದಿಡುತ್ತದೆ, ಅಷ್ಟೇ. ಆದ್ದರಿಂದ ಮೊದಲು ಅಚ್ಚನ್ನು ತಿದ್ದಬೇಕು. ಉಬ್ಬಿದ ಕಡೆ ಅರದಿಂದ ಉಜ್ಜಿ ತಗ್ಗಿಸಬೇಕು, ತಗ್ಗಿದ ಕಡೆ ಪ್ಲಾಸ್ಟರ್ ಮೆತ್ತಿ ಉಬ್ಬಿಸಬೇಕು. ಹಾಗೆ ತಿದ್ದಿದ ಅಚ್ಚಿನ ಮೇಲೆ ಮಾಡಿದ ಬ್ರೇಸ್ ಮಗುವಿನ ಉಬ್ಬನ್ನು ಒತ್ತಿ, ಮೈ ತಗ್ಗಿನ ಕಡೆ ಜರುಗಲು ಜಾಗ ಬಿಡುತ್ತದೆ. ಎಂದರೆ ಆಸ್ಪತ್ರೆಯ ಬಾಗಿಲಿಗೆ ಬಂದ ಮಗುವಿನ ಅಳತೆಗೆ ಸುಣ್ಣದಣ್ಣ ಯಾವತ್ತೂ ಏನನ್ನೂ ಮಾಡಿದವನಲ್ಲ. ಅವನ ಮನಸ್ಸಿನಲ್ಲಿ ನೆಟ್ಟಗೆ ನಿಂತಿದ್ದ ಇನ್ನೊಂದು ಮಗುವಿನ ಅಳತೆಗೆ ಮಾಡಿ, ಅದರೊಳಕ್ಕೆ ಈ ಮಗುವನ್ನು ತೂರಿಸುತ್ತಿದ್ದ. ಈ ಕೆಲಸದಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, ರೇಡಿಯೊ ಕೇಳುತ್ತಲೋ ಬೂಟಣ್ಣನ ಜೊತೆ ಕಿತ್ತಾಡುತ್ತಲೋ ಇದ್ದಾಗಲೂ ಅರ ತಾನಾಗಿಯೇ ಉಬ್ಬಿನ ಮೇಲೆ ಹೋಗಿ ನಿಲ್ಲುತ್ತಿತ್ತು.

"ಸರಿಯಾಗಿ ಕೂತಿದ್ಯಾ?" ಎಂಬುದು ಅವನ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಬ್ರೇಸಿಗೂ ಅದೇ, ಬೂಟಿಗೂ ಅದೇ, ನೆರೆಮನೆಯ ಹೊಸ ಬಾಗಿಲಿಗೂ ಅದೇ, ಹೊಸದಾಗಿ ಮದುವೆಯಾದ ನರ್ಸಿನ ಸಂಸಾರಕ್ಕೂ ಅದೇ. ಅವನ ಸ್ವಂತ ಸಂಸಾರ ಕೂರಲಿಲ್ಲ. ಕೆಲವು ವರ್ಷ ಜೊತೆಗಿದ್ದ ಹೆಂಡತಿ ಹೊರಟುಹೋಗುವಾಗ ಬಯ್ಯಲಿಲ್ಲ, ಅಳಲಿಲ್ಲ. "ನಿಮ್ಮ ಜೊತೆ ಇದ್ರೆ ದಿನಾ ಎಲ್ಲೋ ಒಂದ್ಕಡೆ ಸೊಟ್ಟಗಿದೀನಿ ಅನ್ಸುತ್ತೆ" ಎಂದಷ್ಟೇ ಹೇಳಿ ಪೆಟ್ಟಿಗೆ ಎತ್ತಿಕೊಂಡಳು. ಇದನ್ನು ಸುಣ್ಣದಣ್ಣ ಬೂಟಣ್ಣನಿಗೆ ಹೇಳಿ, "ನಾನು ಅವಳಿಗೆ ಒಂದಿನಾನೂ ಏನೂ ಅಂದಿಲ್ಲ ಕಣಯ್ಯ" ಎಂದನಂತೆ. ಅದು ನಿಜವೇ ಇರಬೇಕು. ಅವನು ನೋಡುತ್ತಿದ್ದ, ಅಷ್ಟೇ.

ಆಮೇಲೆ ಅವನಿಗೆ ಉಳಿದದ್ದು ಅಕ್ಕ ಮತ್ತು ಅಕ್ಕನ ಮಗಳು. ಅಕ್ಕ ಬೇಕರಿಯೊಂದರ ಗಲ್ಲಾದಲ್ಲಿ ಕೂರುತ್ತಿದ್ದಳು. ಭಾವ ಹಡಗಿನ ಕೆಲಸದವನಾದ್ದರಿಂದ ಮನೆಯಲ್ಲಿ ಅವನ ಫೋಟೋ ಇದ್ದಷ್ಟು ದಿನ ಅವನಿರುತ್ತಿರಲಿಲ್ಲ. ಹುಡುಗಿಯನ್ನು ಸ್ಕೂಲಿಗೆ ಬಿಟ್ಟವನು, ಸೈಕಲ್ ಕಲಿಸಿದವನು, ಜ್ವರ ಬಂದಾಗ ಎತ್ತಿಕೊಂಡು ಓಡಿದವನು ಸೋದರಮಾವನೇ. ಕಡ್ಡಿಯಷ್ಟು ಸಣ್ಣಗಿದ್ದ ಅವಳನ್ನು ಅವನು ಕಡ್ಡಿ ಎಂದೇ ಕರೆಯುತ್ತಿದ್ದ. ಅವಳೂ ಅವನನ್ನು ಸಲಿಗೆಯಿಂದ "ನೀನು, ಬಾ, ಹೋಗು" ಎನ್ನುತ್ತಿದ್ದಳು. ಅಕ್ಕ ಗದರಿದರೆ ಇವನೇ ಅಡ್ಡ ಬರುತ್ತಿದ್ದ. ಕೋಟಿನ ಬಲಜೇಬು ಅವಳದು. ಅದರಲ್ಲಿ ಅವಳಿಗೆಂದು ತಂದ ಪೆಪ್ಪರ್‌ಮಿಂಟು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಹನ್ನೆರಡು ವರ್ಷದ ಆಸುಪಾಸಿನಲ್ಲಿ ಒಂದು ದಿನ ಕಡ್ಡಿ ಶೂ ಲೇಸು ಕಟ್ಟಲು ಬಗ್ಗಿದಾಗ, ಅಂಗಿಯ ಕೆಳಗೆ ಬೆನ್ನಿನ ಬಲಪಕ್ಕ ಎಡಪಕ್ಕಕ್ಕಿಂತ ಎತ್ತರಕ್ಕೆ ಎದ್ದು ನಿಂತದ್ದನ್ನು ಅವನು ಕಂಡ. ಸಾವಿರ ಬೆನ್ನುಗಳಲ್ಲಿ ಕಂಡದ್ದೇ ಅದು. ಆದರೆ ಈ ಬೆನ್ನಿನಲ್ಲಿ ಕಾಣಬಾರದಿತ್ತು. ಮೊದಲ ಬ್ರೇಸ್ ತೊಡಿಸುವಾಗ ಹುಡುಗಿ ಅತ್ತಳು. ಆಗ ಸುಣ್ಣದಣ್ಣ, ಇಷ್ಟು ವರ್ಷ ಯಾವ ತಾಯಿಗೂ ಯಾವ ಮಗುವಿಗೂ ಹೇಳದ ಮಾತನ್ನು, ಹೇಳಬಾರದೆಂದು ಚೆನ್ನಾಗಿ ತಿಳಿದಿದ್ದ ಮಾತನ್ನು, ಹೇಳಿಬಿಟ್ಟ. "ನಾನಿದೀನಲ್ಲ ಕಡ್ಡಿ. ನಾನು ಮಾಡಿದ್ದನ್ನ ನೀನು ಹಾಕ್ಕೊಂಡಿರು ಸಾಕು, ಬೆನ್ನು ಇನ್ನು ಒಂದು ನೂಲಷ್ಟೂ ವಾಲಲ್ಲ."

ಅವಳು ನಂಬಿದಳು. ಸ್ಕೂಲಿನಲ್ಲಿ, ನಿದ್ದೆಯಲ್ಲಿ, ಸೆಕೆಯಲ್ಲಿ, ಚರ್ಮ ಕೆಂಪಾಗಿ ಉರಿಯುವಾಗ, ಗೆಳತಿಯರು ಬೆನ್ನಿಗೆ ಬೆರಳಿನಿಂದ ಕುಟ್ಟಿ ಡಬ್ಬದ ಸದ್ದು ಕೇಳಿ ನಗುವಾಗ, ಒಂದು ದಿನ ತಪ್ಪದೆ ಹಾಕಿಕೊಂಡಳು. ಬೆಳೆದಂತೆ ಅವನು ಹೊಸದು ಮಾಡಿದ, ಪಟ್ಟಿ ಬಿಗಿ ಮಾಡಿದ, ಒಳಗಿನ ಮೆತ್ತೆ ಬದಲಾಯಿಸಿದ. ಬೆನ್ನು ಮಾತು ಕೇಳಲಿಲ್ಲ. ಹುಡುಗಿ ಹದಿನೈದಕ್ಕೆ ಕಾಲಿಟ್ಟಾಗ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಆಪರೇಷನ್ ಮಾಡಿ ಬೆನ್ನುಮೂಳೆಗೆ ಕಂಬಿ ಹಾಕಿ ಸ್ಕ್ರೂ ಬಿಗಿಯದೆ ದಾರಿಯಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ, ಕೆಲವು ಬೆನ್ನುಗಳೇ ಹೀಗೆ ಎಂದರು. ಸುಣ್ಣದಣ್ಣ ಬೇರೆ ಮಕ್ಕಳ ತಾಯಂದಿರಿಗೆ ಎಷ್ಟೋ ಸಲ ಒಪ್ಪಿಸಿದ್ದ ಪಾಠವೇ ಅದು. ಕಡ್ಡಿ ಕೇಳಿಸಿಕೊಂಡಳು, ಅವನ ಕೋಣೆಗೆ ಬಂದಳು, ಪರದೆಯ ಹಿಂದೆ ಹೋಗಿ ಬ್ರೇಸ್ ಬಿಚ್ಚಿ ಅವನ ಮೇಜಿನ ಮೇಲಿಟ್ಟು, ಅವನ ಮುಖ ನೋಡದೆ ಹೊರಟುಹೋದಳು. ಅಂದಿನಿಂದ ಅವನು ಮನೆಗೆ ಬಂದರೆ ಅವಳ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವನು ಅಕ್ಕನ ಜೊತೆ ಚಹಾ ಕುಡಿದು, ಪೆಪ್ಪರ್‌ಮಿಂಟು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿಕೊಂಡು ಎದ್ದುಹೋಗುತ್ತಿದ್ದ.

ಹೀಗೆ ತಿಂಗಳುಗಳು ಕಳೆದು, ಆಪರೇಷನ್ನಿನ ದಿನ ಗೊತ್ತಾದ ಮೇಲೆ, ಒಂದು ಭಾನುವಾರ ಆ ಬಾಗಿಲು ತೆರೆಯಿತು.

"ಮಾಮ, ನಿಂಗೆ ಕಂಪ್ಯೂಟರ್‌ನಲ್ಲಿ ಏನೂ ಬರಲ್ಲ ಅಲ್ವಾ?"

"ಏನೂ ಬರಲ್ಲ."

"ಕಲೀತೀಯಾ?"

ಏನನ್ನು ಕಲಿಯಬೇಕೆಂದು ಕೇಳುವ ಮೊದಲೇ ಅವನು ಹೂಂ ಎಂದಿದ್ದ.

ಅವಳು ತೋರಿಸಿದ್ದು ಒಂದು ಆಟ. ಹಿಮದ ಬೆಟ್ಟಗಳು, ಪಾಳುಬಿದ್ದ ಕೋಟೆಗಳು, ಬೆಂಕಿಯುಗುಳುವ ರೆಕ್ಕೆಯ ಸರ್ಪಗಳು; ನಡುವೆ ಕತ್ತಿ ಹಿಡಿದು ಅಲೆಯುವ ಒಬ್ಬ ಯೋಧೆ. ಆಟ ಮಾಡಿದವರು ಕೊಟ್ಟ ಯೋಧೆಯರೆಲ್ಲ ನೆಟ್ಟಗಿರುವವರು. ಆದರೆ ಆಟಕ್ಕೆ ಬೇಕಾದ ಬದಲಾವಣೆಗಳನ್ನು ಮಾಡಿ ಬಿಟ್ಟಿಯಾಗಿ ಹಂಚುವ ಜನ ಲೋಕದ ತುಂಬ ಇದ್ದಾರೆ. ಆ ಬದಲಾವಣೆಗಳಿಗೆ ಮಾಡ್ ಎನ್ನುತ್ತಾರೆ. ಅಂಥದೊಂದು ಮಾಡ್ ತಂದು, ಎಲುಬು ಎಲುಬನ್ನೇ ಜರುಗಿಸಿ, ಕಡ್ಡಿ ತನ್ನ ಯೋಧೆಗೆ ತನ್ನದೇ ಬೆನ್ನನ್ನು ಕೊಟ್ಟಿದ್ದಳು. ಬಲಹೆಗಲು ಮೇಲೆ, ಬಲಬೆನ್ನಿನ ಉಬ್ಬು, ಎಡಸೊಂಟದ ಹಳ್ಳ, ಎಲ್ಲವೂ ಹಾಗೆ ಹಾಗೇ. ಸುಣ್ಣದಣ್ಣನಿಗೆ ಎಕ್ಸ್‌ರೇ ಬೇಕಿರಲಿಲ್ಲ. ನೋಡಿದೊಡನೆ ಯಾರ ಬೆನ್ನೆಂದು ತಿಳಿಯಿತು.

"ಈಗ ಇದನ್ನ ನೋಡು" ಎಂದು ಅವಳು ಯೋಧೆಗೆ ಒಂದು ಕವಚ ತೊಡಿಸಿದಳು. ಅದೂ ಯಾರೋ ಮಾಡಿ ಹಂಚಿದ ಮಾಡ್. ಕಪ್ಪು ಉಕ್ಕು, ಹೆಗಲ ಮೇಲೆ ಹಕ್ಕಿಯ ಗರಿಗಳಂತೆ ಒಂದರ ಮೇಲೊಂದು ಕೂತ ತಗಡುಗಳು, ಅಂಚಿನಲ್ಲಿ ತಾಮ್ರದ ಕೆತ್ತನೆ. ಕಣ್ಣು ಕೀಳಲಾಗದಷ್ಟು ಚೆಂದ. ಆದರೆ ಯೋಧೆಯ ಹೆಗಲಿನ ಮೂಳೆ ಉಕ್ಕನ್ನು ತೂರಿಕೊಂಡು ಹೊರಗೆ ಬಂದಿತ್ತು. ಎಡಸೊಂಟದ ಬಳಿ ಕವಚ ಮೈಬಿಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಓಡಿದರೆ ಬೆನ್ನಿನ ಚರ್ಮ ತಗಡಿನ ಮೇಲೆ ಚೂರುಚೂರಾಗಿ ಮಿನುಗಿ ಮಾಯವಾಗುತ್ತಿತ್ತು.

"ಇದನ್ನ ಮಾಡಿದವರು ನೆಟ್ಟಗಿರೋರಿಗೆ ಅಂತ ಮಾಡಿದ್ದು. ಇವಳಿಗೆ ಕೂರ್ತಿಲ್ಲ" ಎಂದಳು ಕಡ್ಡಿ. "ನಾನು ಮಾಡಿ ಮಾಡಿ ಸಾಕಾಯ್ತು. ನಿಂಗೆ ಅಳತೆ ಗೊತ್ತಲ್ಲ. ಕೂರಿಸಿಕೊಡ್ತೀಯಾ? ಆಸ್ಪತ್ರೆಗೆ ಹೋಗೋ ಮುಂಚೆ ಇವಳನ್ನ ಆ ಬೆಟ್ಟದ ತುದಿಗೆ ಹತ್ತಿಸ್ಬೇಕು ನಾನು. ಚಿಂದಿ ಬಟ್ಟೇಲಿ ಕಳಿಸಕ್ಕೆ ಇಷ್ಟ ಇಲ್ಲ."

ಆ ದಿನಗಳಲ್ಲಿ ಸುಣ್ಣದಣ್ಣನನ್ನು ಕಂಡವರಿಗೆ ಇವನಿಗೆ ಲಾಟರಿ ಹೊಡೆದಿರಬೇಕು ಎನ್ನಿಸುತ್ತಿತ್ತು. ಹಳೆಯದೊಂದು ಕಂಪ್ಯೂಟರ್ ಕೊಂಡು ತನ್ನ ಅಡುಗೆಮನೆಯ ಮೇಜಿನ ಮೇಲಿಟ್ಟ. ಕೆಲಸ ಮುಗಿದೊಡನೆ ಅಕ್ಕನ ಮನೆಗೆ ಓಡುತ್ತಿದ್ದ. ಕಡ್ಡಿ ಮಂಚದ ಅಂಚಿನಲ್ಲಿ ಕೂತು ಹೇಳಿಕೊಡುತ್ತಿದ್ದಳು, ಇವನು ಎಳೆಯ ಮಗುವಿನ ಹಾಗೆ ಮೌಸ್ ಹಿಡಿದು ಕಲಿಯುತ್ತಿದ್ದ. ಪರದೆಯ ಮೇಲಿನ ಮೈಯೂ ಕವಚವೂ ಬಲೆಯ ಹಾಗೆ ಗಂಟುಗಂಟಾಗಿ ಹೆಣೆದದ್ದು, ಪ್ರತಿ ಗಂಟಿಗೂ ನೀನು ಇಂಥ ಎಲುಬಿನ ಜೊತೆ ಹೋಗು ಎಂದು ಹೇಳಿಕೊಡಬೇಕು ಎಂದು ಅವಳು ವಿವರಿಸಿದಾಗ ಅವನಿಗೆ ಥಟ್ಟನೆ ಅರ್ಥವಾಯಿತು. ಹೇಳಲು ಮರೆತ ಗಂಟುಗಳು ಏನು ಮಾಡುತ್ತವೆಂಬುದು ಆಮೇಲೆ ಗೊತ್ತಾಯಿತು: ಅವು ನೆಲಕ್ಕೆ ಅಂಟಿಕೊಂಡು ಅಲ್ಲೇ ಉಳಿದವು, ಯೋಧೆ ಓಡಿದಳು, ಉಕ್ಕಿನ ಕವಚ ಚೂಯಿಂಗ್ ಗಮ್ಮಿನಂತೆ ಊರುದ್ದ ಎಳೆದುಕೊಂಡು ಹೋಯಿತು. ಕಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವನ್ನು ಕೇಳಿ ಅಕ್ಕ ಒಲೆ ಆರಿಸಿ ಬಾಗಿಲಿಗೆ ಬಂದು ನಿಂತಳು. ಬೂಟಣ್ಣ ಮಾತ್ರ, "ಈ ವಯಸ್ಸಲ್ಲಿ ಗೊಂಬೆಗೆ ಬಟ್ಟೆ ಹಾಕ್ತಾ ಕೂತಿದೀಯಲ್ಲಯ್ಯ" ಎಂದು ಆಡಿಕೊಂಡ. ಸುಣ್ಣದಣ್ಣ ಮೊದಲ ಸಲ ಅವನ ತಮಾಷೆಗೆ ನಕ್ಕ.

ಆ ಆಟದ ಕವಚಗಳಲ್ಲಿ ಒಂದು ಕಟ್ಟಳೆಯಿದೆ. ಅದೇ ಮುಂದಿನದಕ್ಕೆಲ್ಲ ಕಾರಣವಾಯಿತು. ಕವಚದ ಫೈಲಿನಲ್ಲಿ ಕವಚ ಮಾತ್ರ ಇರುವುದಿಲ್ಲ, ಅದರೊಳಗೆ ತುಂಬಿಕೊಂಡ ಒಂದು ಮೈಯೂ ಇರುತ್ತದೆ. ಯೋಧೆ ಕವಚ ತೊಟ್ಟ ಕ್ಷಣ ಆಟ ಅವಳ ಸ್ವಂತ ಮೈಯನ್ನು ಮರೆಮಾಡಿ, ಕವಚದ ಜೊತೆ ಬಂದ ಮೈಯನ್ನು ತಂದು ನಿಲ್ಲಿಸುತ್ತದೆ. ಆದ್ದರಿಂದ ಕಡ್ಡಿ ತನ್ನ ಯೋಧೆಯ ಸೊಟ್ಟ ಮೈಯನ್ನು ಕವಚದ ಒಳಗೂ ಇಟ್ಟು, ಅದರ ಮೇಲೆ ಉಕ್ಕನ್ನು ಕೂರಿಸಲು ಹೇಳಿ ಫೈಲನ್ನು ಅವನಿಗೆ ಕೊಟ್ಟಿದ್ದಳು.

ಅವನು ಸಂಜೆಗಳಲ್ಲಿ ಒಬ್ಬನೇ ಕೂತು ಕೆಲಸ ಮಾಡಿದ. ಹೆಗಲಿನ ಮೂಳೆ ತೂರಿ ಬರದಂತೆ ತಗಡನ್ನು ಹೊರಕ್ಕೆ ಎಳೆದರೆ ಅದು ಕೊಡೆಯಂತೆ ಬಿಚ್ಚಿಕೊಂಡು ಅಸಹ್ಯವಾಗುತ್ತಿತ್ತು. ಒಳಕ್ಕೆ ತಳ್ಳಿದರೆ ಮೂಳೆ ಮತ್ತೆ ಮೇಲೆ ಬರುತ್ತಿತ್ತು. ಹೊರಕ್ಕೆ, ಒಳಕ್ಕೆ, ಹೊರಕ್ಕೆ, ಒಳಕ್ಕೆ. ಹೀಗಿರುವಾಗ ಒಂದು ಸಂಜೆ, ಅನ್ನಕ್ಕಿಟ್ಟು, ರೇಡಿಯೊ ಹಾಕಿಕೊಂಡು, ಅರ್ಧ ಗಮನ ಒಲೆಯ ಕಡೆಗಿಟ್ಟು ಕೂತಿದ್ದಾಗ, ಅವನ ಕೈ ತನಗೆ ಗೊತ್ತಿದ್ದ ಕೆಲಸವನ್ನು ತಾನೇ ಶುರುಮಾಡಿತು. ತಗಡನ್ನು ಬಿಟ್ಟು ಒಳಗಿನ ಮೈಯ ಉಬ್ಬನ್ನು ಚೂರು ತಗ್ಗಿಸಿತು. ಎಡಸೊಂಟದ ಹಳ್ಳವನ್ನು ಚೂರು ತುಂಬಿತು. ಮತ್ತೆ ಅಲ್ಲಿ ಚೂರು, ಇಲ್ಲಿ ಚೂರು. ಪ್ರತಿ ಸಲವೂ ಕವಚ ಇನ್ನಷ್ಟು ಚೆನ್ನಾಗಿ ಕೂತಿತು. ಕೂತಷ್ಟೂ ಅವನಿಗೆ ಹುರುಪು ಬಂತು. ಕೊನೆಗೆ ಉಕ್ಕು ಮೈಯ ಮೇಲೆ ಎಲ್ಲೂ ಎದ್ದಿರಲಿಲ್ಲ, ಎಲ್ಲೂ ಒತ್ತಿರಲಿಲ್ಲ, ಗರಿಯ ತಗಡುಗಳು ಎರಡೂ ಹೆಗಲ ಮೇಲೆ ಒಂದೇ ಎತ್ತರದಲ್ಲಿ ಹೊಳೆಯುತ್ತಿದ್ದವು. ತಾನು ಏನು ಮಾಡಿದೆನೆಂದು ಅವನಿಗೆ ತಿಳಿಯಲಿಲ್ಲ ಎಂದರೆ ನಂಬುವುದು ಕಷ್ಟ. ನಾವು ನಂಬಬೇಕು. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅವನು ಕೊಟ್ಟ ಫೈಲನ್ನು ಕಡ್ಡಿ ಆಟಕ್ಕೆ ಹಾಕಿದಳು. ಅಕ್ಕನೂ ಬಂದು ಕುರ್ಚಿಯ ಹಿಂದೆ ನಿಂತಳು. ಯೋಧೆ ಹಿಮದಲ್ಲಿ ತನ್ನ ಚಿಂದಿ ಬಟ್ಟೆಯಲ್ಲಿ ನಿಂತಿದ್ದಳು, ಒಂದು ಹೆಗಲು ಮೇಲೆ, ಒಂದು ಕೆಳಗೆ. ಕಡ್ಡಿ ಕವಚ ತೊಡಿಸಿದಳು. ಯೋಧೆ ನೆಟ್ಟಗಾದಳು.

"ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಾಳೆ ನೋಡೇ" ಎಂದಳು ಅಕ್ಕ.

ಕಡ್ಡಿ ಕವಚ ಕಳಚಿದಳು. ಯೋಧೆ ವಾಲಿದಳು. ತೊಡಿಸಿದಳು, ನೆಟ್ಟಗಾದಳು. ಹೀಗೆ ಕಳಚಿ ತೊಡಿಸಿ, ಕಳಚಿ ತೊಡಿಸಿ, ಕೊನೆಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳು ಏನು ನೋಡುತ್ತಿದ್ದಾಳೆಂಬುದು ಸುಣ್ಣದಣ್ಣನಿಗೆ ಆಗ ಹೊಳೆಯಿತು.

"ಇಲ್ಲೂನಾ, ಮಾಮ?" ಎಂದಳು.

"ಕಡ್ಡಿ, ನಾನು ಬೇಕೂಂತ..."

"ನಾನು ಕೇಳಿದ್ದು ಇವಳಿಗೆ ಒಂದು ಕವಚ. ನೀನು ಕವಚಕ್ಕೆ ಅಂತ ಬೇರೆ ಒಬ್ಬಳನ್ನ ಮಾಡ್ಕೊಟ್ಟಿದೀಯ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಆಪರೇಷನ್ ಆದ್ಮೇಲೆ ನಾನು ಹೆಂಗೂ ನೆಟ್ಟಗಾಗ್ತೀನಿ. ಎಲ್ಲರಿಗೂ ಖುಷಿಯಾಗುತ್ತೆ. ಹೀಗಿದ್ದಾಗ್ಲೂ ನಾನು ಒಂದ್ಸಲ ಚೆನ್ನಾಗಿ ಕಾಣ್ಬೇಕು ಅನ್ಸಿತ್ತು, ಅಷ್ಟೇ."

ಸುಣ್ಣದಣ್ಣ ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ನಡೆದ. ಬಸ್ಸಿಗೆ ನಿಲ್ಲುವುದನ್ನೂ ಮರೆತಿದ್ದ.

ಉಳಿದದ್ದು ಕೆಲವೇ ದಿನ. ಅಷ್ಟರಲ್ಲಿ ಅವನು ಕವಚವನ್ನು ಮೊದಲಿನಿಂದ ಮಾಡಲು ಕೂತ. ಕೆಲಸಕ್ಕೆ ರಜೆ ಹಾಕಿದ. ಅವನು ರಜೆ ಹಾಕಿದ್ದನ್ನು ಕಂಡು ಬೂಟಣ್ಣ ಯಾರು ಹೋದರೆಂದು ಕೇಳಿದ. ಸೊಟ್ಟ ಮೈಯನ್ನು ಮತ್ತೆ ಒಳಗಿಟ್ಟು, ಇದನ್ನು ಮುಟ್ಟಬಾರದು, ತಗಡನ್ನು ಮಾತ್ರ ಮುಟ್ಟಬೇಕು ಎಂದು ತನಗೆ ತಾನೇ ಹೇಳಿಕೊಂಡು ಶುರುಮಾಡಿದರೆ, ಸ್ವಲ್ಪ ಹೊತ್ತಿಗೆ ನೋಡುವಾಗ ಕೈ ಉಬ್ಬನ್ನು ಉಜ್ಜುತ್ತಿರುತ್ತಿತ್ತು. ಅಳಿಸಿ ಮತ್ತೆ ಶುರು. ಮತ್ತೆ ಅದೇ. ಕೊನೆಗೆ ಬಲಗೈಯನ್ನು ಬಿಟ್ಟು, ಅಭ್ಯಾಸವಿಲ್ಲದ ಎಡಗೈಯಲ್ಲಿ ಮೌಸ್ ಹಿಡಿದ. ಎಡಗೈಗೆ ಏನೂ ಗೊತ್ತಿರಲಿಲ್ಲವಾದ್ದರಿಂದ ಅದು ಹೇಳಿದ ಮಾತು ಕೇಳಿತು. ಉಬ್ಬಿನ ಮೇಲೆ ಉಕ್ಕು ಉಬ್ಬಿನಂತೆಯೇ ಏರಬೇಕು, ಹಳ್ಳದಲ್ಲಿ ಹಳ್ಳದಂತೆಯೇ ಇಳಿಯಬೇಕು. ಬಲಹೆಗಲ ತಗಡುಗಳು ಮೇಲೆದ್ದು ನಿಂತರೆ ಅವು ಹಾಗೇ ನಿಲ್ಲಬೇಕು. ಗೇಣು ಗೇಣಿಗೂ ಅವನ ಕಣ್ಣು ತಪ್ಪು ತಪ್ಪು ಎನ್ನುತ್ತಿತ್ತು. ಆ ಕಣ್ಣಿನ ಮಾತನ್ನು ಕೇಳದಿರುವುದು ಎಂಥ ಕಷ್ಟವೆಂದು, ಎಂದೂ ಏನನ್ನೂ ತಿದ್ದದವರಿಗೆ ತಿಳಿಯುವುದಿಲ್ಲ. ಮುಗಿದಾಗ ಯೋಧೆ ವಾಲಿಯೇ ನಿಂತಿದ್ದಳು, ಕವಚವೂ ಅವಳ ಜೊತೆ ವಾಲಿತ್ತು, ಓಡಿದರೂ ಬಾಗಿದರೂ ಎಲ್ಲೂ ಚರ್ಮ ಮಿನುಗಲಿಲ್ಲ. ಅವಳು ಚೆಂದ ಕಾಣುತ್ತಿದ್ದಳು. ಅದನ್ನು ಒಪ್ಪಿಕೊಳ್ಳಲು ಸುಣ್ಣದಣ್ಣನಿಗೆ ಬಹಳ ಹೊತ್ತು ಹಿಡಿಯಿತು, ಒಪ್ಪಿಕೊಂಡಾಗ ಅವನ ಕಣ್ಣು ತುಂಬಿತು.

ಅಷ್ಟರಲ್ಲಿ ಕಡ್ಡಿ ಆಸ್ಪತ್ರೆಗೆ ಸೇರಿಯಾಗಿತ್ತು. ಅವನು ಪೆನ್‌ಡ್ರೈವ್ ಹಿಡಿದು ವಾರ್ಡಿಗೆ ಹತ್ತಿದ. ಹಸಿರು ಗೌನು ತೊಟ್ಟು, ಕೈಗೆ ಸೂಜಿ ಚುಚ್ಚಿಸಿಕೊಂಡು ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಇವಳಿಗೇ ಮಾಡಿದೀನಿ ಕಡ್ಡಿ. ಒಳಗಡೆ ಏನೂ ಮುಟ್ಟಿಲ್ಲ."

"ಅಲ್ಲಿಡು ಮಾಮ. ಆಮೇಲೆ ನೋಡ್ತೀನಿ."

ಅವನು ಅದನ್ನು ಮಂಚದ ಪಕ್ಕದ ಕಬ್ಬಿಣದ ಪುಟ್ಟ ಕಪಾಟಿನ ಮೇಲೆ, ನೀರಿನ ಲೋಟದ ಹತ್ತಿರ ಇಟ್ಟ.

ಆಪರೇಷನ್ ಚೆನ್ನಾಗಿ ಆಯಿತು. ಅವನಿಂದ ವರ್ಷಗಟ್ಟಲೆ ಆಗದೆ ಹೋದದ್ದನ್ನು ಡಾಕ್ಟರು ಒಂದು ಹಗಲಿನಲ್ಲಿ ಮಾಡಿ ಮುಗಿಸಿದರು. ಕೆಲವು ವಾರ ಕಳೆದು ಅವನು ಅಕ್ಕನ ಮನೆಗೆ ಹೋದಾಗ ಬಾಗಿಲು ತೆರೆದವಳು ಕಡ್ಡಿಯೇ. ಅವನಿಗಿಂತ ಎತ್ತರವಾಗಿದ್ದಳು. ಅವನ ಕಣ್ಣು ಹೆಗಲಿಗೆ ಹೋಯಿತು: ಎರಡೂ ಒಂದೇ ಸಮ. ಸೊಂಟಕ್ಕೆ ಹೋಯಿತು: ಅಂಗಿಯಲ್ಲಿ ಮಡಿಕೆಯಿಲ್ಲ. ನೋಡಲು ಇನ್ನೇನೂ ಉಳಿಯದೆ ಆ ಕಣ್ಣು ಕೊನೆಗೆ ಅವಳ ಮುಖಕ್ಕೆ ಬಂದು ನಿಂತಿತು, ಮತ್ತು ಆ ಮುಖ ತನಗೆ ಅಷ್ಟೇನೂ ಪರಿಚಯವಿಲ್ಲವೆಂದು ಅವನಿಗೆ ತಿಳಿಯಿತು.

"ಬನ್ನಿ ಮಾಮ, ಕೂತ್ಕೊಳ್ಳಿ" ಎಂದಳು. "ಅಮ್ಮ ಬೇಕರಿಗೆ ಹೋಗಿದಾಳೆ. ಟೀ ಮಾಡ್ಲಾ?"

ಅವನು ಕೂತ. ಬೆನ್ನು ನೋಯುತ್ತದೆಯೇ ಎಂದು ಕೇಳಿದ. ಈಗ ಪರವಾಗಿಲ್ಲ ಎಂದಳು. ಪರೀಕ್ಷೆ ಯಾವಾಗ ಎಂದು ಕೇಳಿದ, ಹೇಳಿದಳು. ಕೊನೆಗೆ ಆ ಕವಚ ನೋಡಿದೆಯಾ ಎಂದು ಕೇಳಿದ.

"ಓ, ಅದಾ... ಆ ಆಟ ತೆಗೆದುಹಾಕ್ಬಿಟ್ಟೆ ಮಾಮ. ಪೆನ್‌ಡ್ರೈವ್ ಆಸ್ಪತ್ರೇಲೇ ಎಲ್ಲೋ ಉಳೀತು ಅನ್ಸುತ್ತೆ. ನಿಮಗೆ ಬೇಕಾಗಿತ್ತಾ?"

ಬೇಡ ಬೇಡ ಎಂದು ಅವನು ಎರಡೆರಡು ಸಲ ಹೇಳಿದ. ಅವಳು ಚಹಾ ತಂದುಕೊಟ್ಟು, ಎದುರಿನ ಕುರ್ಚಿಯಲ್ಲಿ, ಕಂಬಿ ಇದ್ದವರು ಕೂರುವಂತೆ ನೆಟ್ಟಗೆ ಕೂತು, ಅವನು ಕುಡಿದು ಮುಗಿಸುವವರೆಗೆ ಮರ್ಯಾದೆಯಿಂದ ಕಾದಳು. ಹೊರಡುವಾಗ ಬಾಗಿಲವರೆಗೂ ಬಂದಳು.

ಯೋಧೆ ಈಗಲೂ ಅವನ ಅಡುಗೆಮನೆಯ ಕಂಪ್ಯೂಟರಿನಲ್ಲಿ ಇದ್ದಾಳೆ. ಕವಚ ತೊಡಿಸಿ ನೋಡಲೆಂದು ಕಡ್ಡಿ ಹಾಕಿಕೊಟ್ಟಿದ್ದ ಪ್ರತಿ ಅದು. ಪ್ಲಾಸ್ಟರಿನ ಅಚ್ಚುಗಳನ್ನು ಬ್ರೇಸ್ ಮುಗಿದ ಮೇಲೆ ಜಾಗವಿಲ್ಲವೆಂದು ಸುತ್ತಿಗೆಯಿಂದ ಒಡೆದುಹಾಕುವುದು ಆ ಕೋಣೆಯ ರೂಢಿ. ಹಾಗಾಗಿ, ಎಲುಬಷ್ಟೇ ಕಾಣುವ ಎಕ್ಸ್‌ರೇ ಬಿಟ್ಟರೆ, ಆ ಹುಡುಗಿ ಮೊದಲು ಹೇಗಿದ್ದಳೆಂಬುದಕ್ಕೆ ಇನ್ನೆಲ್ಲೂ ಗುರುತಿಲ್ಲ. ಇರುವುದೊಂದು, ಅದೂ ಆ ಗುರುತನ್ನು ಅಳಿಸಲು ಹಗಲಿರುಳು ದುಡಿದವನ ಬಳಿ. ಊಟವಾದ ಮೇಲೆ ಅವನು ಅವಳನ್ನು ಹಿಮದ ದಾರಿಯಲ್ಲಿ ಸ್ವಲ್ಪ ದೂರ ನಡೆಸಿ ವಾಪಸು ಕರೆತರುತ್ತಾನೆ. ಬೆಟ್ಟ ಹತ್ತಿಸುವುದಿಲ್ಲ. ಅದು ಅವನ ಕೆಲಸವಲ್ಲ, ಕಡ್ಡಿಯದು.

ತಿದ್ದುವ ಕೈಯವರು ಲೋಕದಲ್ಲಿ ಇವನೊಬ್ಬನೇ ಅಲ್ಲ. ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ, ದೊಡ್ಡಣ್ಣಂದಿರಲ್ಲಿ, ಮನೆಗೊಬ್ಬರಂತೆ ಇಂಥವರು ಇರುತ್ತಾರೆ. ಕೆಟ್ಟವರಲ್ಲ, ತಮ್ಮವರಿಗಾಗಿ ನಿದ್ದೆಗೆಡುವವರು, ಬೇರೆಯವರು ಕೈಬಿಟ್ಟಲ್ಲಿ ಕೈ ಹಾಕುವವರು ಇವರೇ. ಇವರ ಕೈಕೆಳಗೆ ಬೆಳೆದ ಮಕ್ಕಳು ಬಹುಪಾಲು ಚೆನ್ನಾಗಿಯೇ ಬಾಳುತ್ತಾರೆ, ಇವರನ್ನು ಗೌರವದಿಂದ ಮಾತಾಡಿಸುತ್ತಾರೆ, ಕಾಯಿಲೆ ಬಿದ್ದರೆ ಬಂದು ನೋಡಿಕೊಳ್ಳುತ್ತಾರೆ, ನಾಲ್ಕು ಜನರ ಮುಂದೆ ಇವರ ಉಪಕಾರವನ್ನು ನೆನೆಯುತ್ತಾರೆ. ಇವರೆದುರು ಮೈ ಸಡಿಲಬಿಟ್ಟು, ಬೆನ್ನು ಬಗ್ಗಿಸಿಕೊಂಡು, ಸುಮ್ಮನೆ ಕೂರುವುದನ್ನು ಮಾತ್ರ ಮತ್ತೆಂದೂ ಮಾಡುವುದಿಲ್ಲ.